ಸ್ಟೋರ್ ರೂಮಿನ ಸರ್ವರ್

ಕ್ಯಾಮೆರಾದ ಪರದೆಯಲ್ಲಿ ನೆಲದ ಮೇಲೆ ಒಬ್ಬ ಮನುಷ್ಯ ಮಲಗಿದ್ದ. ತಲೆ, ಭುಜ, ಮಡಚಿದ ಮೊಣಕಾಲು, ಎಲ್ಲ ಕೆಂಡದ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಐಶ್ವರ್ಯಾ ಪರದೆಯಿಂದ ಕಣ್ಣೆತ್ತಿ ನೋಡಿದಳು. ನೆಲದ ಮೇಲೆ ಯಾರೂ ಇರಲಿಲ್ಲ. ಸವೆದ ಬೂದು ಕಾರ್ಪೆಟ್ಟು, ಗೋಡೆಗೆ ಆನಿಸಿ ನಿಲ್ಲಿಸಿದ ಸುತ್ತಿದ ಜಮಖಾನೆ, ಬಾಗಿಲು ಹಿಡಿದುಕೊಂಡು ಕೆದರಿದ ತಲೆಯಲ್ಲಿ ನಿಂತ ಶೇಖರಪ್ಪ ಸರ್. ಅಷ್ಟೇ.

"ಯೆಸ್?" ಎಂದರು ಸರ್.

ಅವಳು ಮತ್ತೆ ಪರದೆ ನೋಡಿದಳು. ಬಿಸಿಯನ್ನು ಬಣ್ಣ ಮಾಡಿ ತೋರಿಸುವ ಕ್ಯಾಮೆರಾ ಅದು. ತಣ್ಣಗಿದ್ದದ್ದು ನೀಲಿ, ಬೆಚ್ಚಗಿದ್ದದ್ದು ಕಿತ್ತಳೆ. ಇಷ್ಟು ಹೊತ್ತು ಅವಳು ಕಾರಿಡಾರಿನ ಎಲ್ಲ ಬಾಗಿಲುಗಳಿಗೂ ಅದನ್ನು ಹಿಡಿದುಕೊಂಡು ಬಂದಿದ್ದಳು. ಎಲ್ಲವೂ ನೀಲಿ. ತುದಿಯ ಈ ಬಾಗಿಲಿನ ಕೆಳಗೆ ಮಾತ್ರ ಒಂದು ಕಿತ್ತಳೆ ಗೆರೆ ಕಂಡಿತು. ತಟ್ಟಿದಳು, ಬಾಗಿಲು ತೆರೆಯಿತು. ಈಗ ನೆಲದ ಮೇಲಿನ ಕಿತ್ತಳೆ ಮನುಷ್ಯ ಅವಳ ಕಣ್ಣೆದುರೇ ಮೆಲ್ಲಗೆ ಮಾಸುತ್ತಿದ್ದ. ಮೊದಲು ಕಾಲು ಹೋಯಿತು. ಬೆನ್ನು ಕೊನೆಯವರೆಗೂ ಉಳಿಯಿತು.

ಮೆಲ್ಬರ್ನಿನಲ್ಲಿ ಎರಡು ಸಾವಿರದ ಎಂಟರ ಚಳಿಗಾಲ. ಕಿಟಕಿಯಾಚೆ ಇನ್ನೂ ಬೆಳಕು ಹರಿದಿರಲಿಲ್ಲ. ಇಂಥ ಪರೀಕ್ಷೆ ಬಿಸಿಲು ಗೋಡೆಗೆ ಬೀಳುವ ಮುಂಚೆಯೇ ಆಗಬೇಕು ಎಂದು ಪಾಠ ಹೇಳಿದ್ದವರು ಇದೇ ಶೇಖರಪ್ಪ ಸರ್. ಇಂಥ ದಿನವೇ ಬರುತ್ತೇವೆಂದು ತಿಳಿಸದೇ ಬಂದದ್ದು ಮಾತ್ರ ಇವಳ ತಪ್ಪು.

ಆ ವರ್ಷ ಊರಿಗೂರೇ ನೀರು ಉಳಿಸುವ, ಕರೆಂಟು ಉಳಿಸುವ ಮಾತಿನಲ್ಲಿತ್ತು. ಮಳೆಯಿಲ್ಲದೆ ಡ್ಯಾಮುಗಳು ಬತ್ತಿ, ಸ್ನಾನದ ನೀರನ್ನೇ ಬಕೆಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದ ಜನ. ಯೂನಿವರ್ಸಿಟಿಗೂ ಏನಾದರೂ ಮಾಡಿ ತೋರಿಸಬೇಕಿತ್ತು. ಎಪ್ಪತ್ತರ ದಶಕದಲ್ಲಿ ಕಟ್ಟಿದ ಇ-ಬ್ಲಾಕ್ ಎಂಬ ಕಾಂಕ್ರೀಟ್ ಡಬ್ಬವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಇದರ ಶಕ್ತಿ ಎಲ್ಲೆಲ್ಲಿ ಸೋರುತ್ತದೆ ಹುಡುಕಿ, ತಡೆಯಿರಿ, ಎಂದರು. ಮಾಸ್ಟರ್ಸ್ ಓದುತ್ತಿದ್ದ ಹುಬ್ಬಳ್ಳಿಯ ಐಶ್ವರ್ಯಾ, ಹತ್ತನೇ ವಯಸ್ಸಿಗೇ ಮಂಗಳೂರಿನಿಂದ ಬಂದು ಮೆಲ್ಬರ್ನಿನ ಹೊರವಲಯದ ಕ್ರೇಗಿಬರ್ನ್‌ನಲ್ಲಿ ಬೆಳೆದ ಆಲ್ರಾಯ್, ಇಬ್ಬರದೊಂದು ತಂಡ. ಮೇಲ್ವಿಚಾರಕರು ಶೇಖರಪ್ಪ ಸರ್.

ಸರ್ ಬಗ್ಗೆ ಹೇಳಬೇಕೆಂದರೆ, ಹುಬ್ಬಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದವರು. ಕಾರಿಡಾರಿನಲ್ಲಿ ನಡೆದರೆ ಹುಡುಗರು ಗೋಡೆಗೆ ಸರಿಯುತ್ತಿದ್ದರಂತೆ. ಪಿಆರ್, ಅಂದರೆ ಖಾಯಂ ನೆಲೆಸುವ ವೀಸಾ, ಸಿಕ್ಕಿ ಇಲ್ಲಿಗೆ ಬಂದ ಮೇಲೆ ಸೆಶನಲ್ ಟ್ಯೂಟರ್. ಅಂದರೆ ಪಾಠ ಮಾಡಿದ ಗಂಟೆಗಷ್ಟೇ ಸಂಬಳ, ಸೆಮಿಸ್ಟರ್ ಮುಗಿದರೆ ಕೆಲಸವೂ ಮುಗಿಯಿತು, ಮತ್ತೆ ಕರೆದರೆ ಉಂಟು. ಹೆಂಡತಿಗೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಖಾಯಂ ನೌಕರಿ, ಮಗಳ ಶಾಲೆಯೂ ಅಲ್ಲೇ. ಸರ್ ಗುರುವಾರ ಸಂಜೆಯ ಪಾಠ ಮುಗಿಸಿ ಬಸ್ಸು ಹತ್ತಿ ಸಿಡ್ನಿಗೆ ಹೋಗುವವರು, ಸೋಮವಾರ ಬೆಳಿಗ್ಗೆ ಕಣ್ಣು ಕೆಂಪು ಮಾಡಿಕೊಂಡು ಕ್ಲಾಸಿಗೆ ಬರುವವರು. ಇದು ಎಲ್ಲರಿಗೂ ಗೊತ್ತಿತ್ತು. ನಡುವಿನ ದಿನ ಮೆಲ್ಬರ್ನಿನಲ್ಲಿ ಎಲ್ಲಿರುತ್ತಾರೆ ಅಂತ ಯಾರೂ ಕೇಳಿರಲಿಲ್ಲ.

ಐಶ್ವರ್ಯಾ ಮೊದಲ ವಾರವೇ, "ಸರ್, ನಾನೂ ಹುಬ್ಬಳ್ಳಿಯಾಕಿ ರೀ" ಎಂದು ಹಲ್ಲು ಬಿಟ್ಟು ನಿಂತಿದ್ದಳು. "ವೆರಿ ಗುಡ್" ಎಂದು ಇಂಗ್ಲಿಷಿನಲ್ಲಿ ಹೇಳಿ, "ಸೇಫ್ಟಿ ಟ್ರೇನಿಂಗ್ ಶುಕ್ರವಾರದೊಳಗೆ ಮುಗಿಸಿ" ಎಂದು ಅದೇ ಇಂಗ್ಲಿಷಿನಲ್ಲಿ ಮುಂದುವರಿಸಿದ್ದರು. ಆಮೇಲೆ ಇವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನ ಉತ್ತರವೇ.

"ಅವ್ರಿಗೆ ಹೋಮ್‌ಲ್ಯಾಂಡ್ ಅಲರ್ಜಿ ಉಂಟು ಮಾರಾಯ್ತಿ" ಎಂದಿದ್ದ ಆಲ್ರಾಯ್. "ನಮ್ಮ ವಿಲ್ಫಿ ಅಂಕಲ್‌ಗೂ ಉಂಟು. ಇಂಡಿಯನ್ ಶಾಪಿನಲ್ಲಿ ಸಿಕ್ಕಿದ್ರೆ ಬೇಳೆ ಹಿಂದೆ ಅಡಗ್ತಾರೆ."

ಆಲ್ರಾಯ್‌ಗೆ ಸರ್ ಮೇಲೆ ಸಿಟ್ಟಿತ್ತು. ಹಿಂದಿನ ಸೆಮಿಸ್ಟರಿನಲ್ಲಿ ಅವನು ಗ್ರಾಫು ಚಂದ ಕಾಣಲಿ ಅಂತ ಅಡ್ಡಾದಿಡ್ಡಿ ಬಂದ ನಾಲ್ಕು ರೀಡಿಂಗುಗಳನ್ನು ಅಳಿಸಿದ್ದ. ಸರ್ ಕಂಡುಹಿಡಿದು ಸೊನ್ನೆ ಕೊಟ್ಟಿದ್ದರು. ಕ್ಲಾಸಿನೆದುರು ಅವರು ಹೇಳಿದ ಮಾತನ್ನು ಆಲ್ರಾಯ್ ಅವರದೇ ಗಂಟಲಿನಲ್ಲಿ ಆಡಿ ತೋರಿಸುತ್ತಿದ್ದ: "ಬೇಡದ ರೀಡಿಂಗ್ ಅಂತ ಒಂದಿಲ್ಲ. ಅಳಿಸಬೇಡಿ. ಅದೇನೆಂದು ಹೇಳಿ."

ಈ ಸಲ ಅಂಥದೇ ಒಂದು ರೀಡಿಂಗು ಇಬ್ಬರ ಕುತ್ತಿಗೆಗೆ ಬಿದ್ದಿತ್ತು. ಪ್ರತಿ ಮಹಡಿಯ ಸ್ವಿಚ್‌ಬೋರ್ಡಿಗೂ ಮೀಟರು ಸಿಕ್ಕಿಸಿ ಬಿಟ್ಟಿದ್ದರು. ಎಲ್ಲರೂ ಮನೆಗೆ ಹೋದ ಮೇಲೆ ಕಟ್ಟಡದ ಗೆರೆ ನೆಲ ಹಿಡಿದು ಮಲಗುತ್ತಿತ್ತು, ಎರಡನೇ ಮಹಡಿಯ ಮೂಲೆಯೊಂದನ್ನು ಬಿಟ್ಟು. ಅಲ್ಲಿ ಸಂಜೆಯಾದ ಮೇಲೆ ಒಂದು ಗುಡ್ಡ ಏಳುತ್ತಿತ್ತು, ಬೆಳಗಾಗುವ ಹೊತ್ತಿಗೆ ಚೂಪು ಮೊಳೆಯಂತೆ ಒಮ್ಮೆ ಚುಚ್ಚಿ ಇಳಿಯುತ್ತಿತ್ತು. ಗುರುವಾರದಿಂದ ಭಾನುವಾರದವರೆಗೆ ಗುಡ್ಡವೇ ಇಲ್ಲ.

"ಘೋಸ್ಟ್" ಎಂದಿದ್ದ ಆಲ್ರಾಯ್. "ಇಲ್ಲಿ ದೆವ್ವಕ್ಕೂ ವೀಕೆಂಡ್ ಉಂಟು ನೋಡು. ಯೂನಿಯನ್ ಸ್ಟ್ರಾಂಗ್."

ಆ ದೆವ್ವ ಈಗ ಕೈಯಿಂದ ತಲೆ ನೇವರಿಸಿಕೊಳ್ಳುತ್ತ ಅವಳ ಎದುರು ನಿಂತಿತ್ತು. ಆಲ್ರಾಯ್ ಕೆಳಗೆ ಅಂಗಳದಲ್ಲಿ ಹೊರಗಿನ ಗೋಡೆಗಳ ಫೋಟೋ ತೆಗೆಯುತ್ತಿದ್ದ. ಕಾರಿಡಾರಿನಲ್ಲಿ ಬೇರೆ ಯಾರೂ ಇರಲಿಲ್ಲ. ಸರ್ ಆಚೆ ಈಚೆ ನೋಡಿ, ಬಾಗಿಲು ಇನ್ನಷ್ಟು ತೆರೆದು, ಒಂದೂವರೆ ವರ್ಷದಲ್ಲಿ ಮೊದಲ ಸಲ ಅವಳ ಜೊತೆ ಕನ್ನಡ ಮಾತಾಡಿದರು.

"ಒಳಗ ಬಾ. ಥಂಡಿ ಐತಿ."

ಹಿಂದೆ ಮಣ್ಣು ಪರೀಕ್ಷೆಯ ಲ್ಯಾಬಿಗೆ ಸ್ಟೋರ್ ರೂಮಾಗಿದ್ದ ಕೋಣೆ. ಸೆಶನಲ್ ಟ್ಯೂಟರುಗಳಿಗೆ ಆಫೀಸು ಕೊಡುವ ಪದ್ಧತಿಯಿಲ್ಲ, ಆದರೂ ಬೀಗದ ಕೈ ಕೊಟ್ಟು ಪುಸ್ತಕ ಇಟ್ಟುಕೊಳ್ಳಿ ಎಂದಿದ್ದರು. ಪುಸ್ತಕಗಳಿದ್ದವು. ಪುಸ್ತಕದ ಕಪಾಟಿನ ಹಿಂದೆ ನೈಲಾನ್ ಹಗ್ಗಕ್ಕೆ ಎರಡು ಅಂಗಿ ಒಣಗಲು ಹಾಕಿದ್ದವು. ಮೇಜಿನಡಿಯಲ್ಲಿ ಪುಟ್ಟ ಫ್ಯಾನ್ ಹೀಟರು, ರೈಸ್ ಕುಕ್ಕರು, ಶೇಂಗಾ ಚಟ್ನಿಪುಡಿಯ ಬಾಟಲಿ. ಕಿಟಕಿಯ ಅಂಚಿನಲ್ಲಿ ವಿಭೂತಿಗಟ್ಟಿ. ಸ್ನಾನ ಎಲ್ಲಿ ಎಂದು ಅವಳು ಕೇಳಲಿಲ್ಲ. ಸೈಕಲ್ಲಿನಲ್ಲಿ ಬರುವ ಸಿಬ್ಬಂದಿಗೆಂದು ಕೆಳಗೆ ಒಂದು ಶವರ್ ಇತ್ತು. ಅದರ ಬಿಸಿನೀರಿನ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಹೋದ ವಾರ ಇವಳೇ ತಲೆ ಕೆಡಿಸಿಕೊಂಡಿದ್ದಳು.

"ಹುಬ್ಬಳ್ಳ್ಯಾಗ ಎಲ್ಲಿ ನಿಮ್ಮನಿ?"

"ವಿದ್ಯಾನಗರ್ರಿ ಸರ್."

"ನಮ್ಮದು ನವಲಗುಂದ. ಈ ಜಮಖಾನಿ ಅಲ್ಲೀದ." ಅವರು ಕೆಟಲಿಗೆ ನೀರು ಹಾಕಿದರು. "ಚಾ ಕುಡೀತಿ? ಹಾಲಿಲ್ಲ, ಪೌಡರ್ ಐತಿ."

ಐಶ್ವರ್ಯಾ ಕ್ಯಾಮೆರಾ ಆಫ್ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಟಲು ಸದ್ದು ಮಾಡತೊಡಗಿತು. ಬೆಳಗಿನ ಹೊತ್ತಿಗೆ ಗ್ರಾಫಿನಲ್ಲಿ ಏಳುವ ಆ ಚೂಪು ಮೊಳೆ ಇದೇ ಇರಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಡಿಸೆಂಬರ್ ತನಕ ಅಷ್ಟ" ಎಂದರು ಸರ್, ಅವಳ ಕಡೆ ಬೆನ್ನು ಮಾಡಿ ನಿಂತು. "ಡಿಸೆಂಬರದಾಗ ಪರ್ಮನೆಂಟ್ ಪೋಸ್ಟ್ ತುಂಬತಾರ. ನೀವು ಅರ್ಜಿ ಹಾಕ್ರಿ ಅಂತ ಹೆಡ್ ತಮ್ಮ ಬಾಯಿಂದನ ಹೇಳ್ಯಾರ. ಆಮ್ಯಾಲೆ ಇಲ್ಲೇ ಒಂದ್ ಛಲೋ ಮನಿ ಮಾಡಿ ಮನ್ಯಾಗಿನವರನ್ನೂ ಕರ್ಕೊಂಡ್ ಬರಾವ. ಈಗ ಅಲ್ಲೊಂದು ಮನಿ, ಇಲ್ಲೊಂದು ಮನಿ ಅಂದ್ರ ಆಗಂಗಿಲ್ಲ."

"ಮನ್ಯಾಗ ಗೊತ್ತೈತೇನ್ರಿ ಸರ್?"

"ಇಲ್ಲ. ಒಬ್ಬಾಕಿ ಮುದುಕಿ ಮನ್ಯಾಗ ರೂಮ್ ಹಿಡದೀನಿ ಅಂತ ಹೇಳೀನಿ." ಸ್ವಲ್ಪ ನಕ್ಕರು. "ಆಕಿಗೊಂದು ಹೆಸರೂ ಇಟ್ಟೀನಿ. ಮಿಸೆಸ್ ಪಾರ್ಕರ್. ಬೆಕ್ಕು ಸಾಕ್ಯಾಳ."

ಅವಳೂ ನಕ್ಕಳು. ಚಹಾ ಕೈಗೆ ಬಂತು. ಸರ್ ಕುರ್ಚಿಯಲ್ಲಿ ಕೂರದೆ ಮೇಜಿಗೆ ಒರಗಿ ನಿಂತಿದ್ದರು, ಮೌಖಿಕ ಪರೀಕ್ಷೆಗೆ ಬಂದ ವಿದ್ಯಾರ್ಥಿಯ ಹಾಗೆ.

"ಆ ರೀಡಿಂಗ್ ತಗದ್ ಬಿಡವಾ" ಎಂದರು.

ಐಶ್ವರ್ಯಾ ಕಪ್ಪನ್ನು ಕೆಳಗಿಟ್ಟಳು. "ಸರ್... ನೀವ ಹೇಳೀರಲ್ರೀ..."

"ಹೌದು. ನಾನ ಹೇಳೀನಿ."

"ಹಂಗಲ್ರಿ ಸರ್, ಆಲ್ರಾಯ್ ಕಡೆನೂ ಕಾಪಿ ಐತ್ರಿ. ಬಿಲ್ಡಿಂಗ್ ಮ್ಯಾನೇಜರ್ ಕಡೆನೂ ಐತಿ. ತಗದ್ರ ಗೊತ್ತಾಗತೈತಿ."

ಸರ್ ನೆಲ ನೋಡಿದರು. ಕಾರ್ಪೆಟ್ಟಿನಲ್ಲಿ ಈಗ ಏನೂ ಇರಲಿಲ್ಲ.

"ಹಂಗಾರ ಏನರ ಬರಿ" ಎಂದರು.

ಏನಾದರೂ ಬರಿ. ನಮ್ಮ ಕಡೆಯ ಮಕ್ಕಳು ಹಾಲು ಹಲ್ಲು ಬೀಳುವ ಮುಂಚೆಯೇ ಕಲಿಯುವ ಪಾಠ ಇದು. ಪ್ರಶ್ನೆ ಬಿಡಬಾರದು, ಬರದಿದ್ದರೂ ಏನಾದರೂ ಬರೆದು ಬರಬೇಕು, ಬರೆದದ್ದಕ್ಕೆ ಒಂದಾದರೂ ಮಾರ್ಕು ಬಿದ್ದೇ ಬೀಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಐಶ್ವರ್ಯಾಳ ಟ್ಯೂಷನ್ ಮಿಸ್ ಗಿರಿಜವ್ವ ಪರೀಕ್ಷೆಯ ದಿನ ಗೇಟಿನ ಹತ್ತಿರ ನಿಂತು ಎಲ್ಲರ ಕಿವಿಯಲ್ಲೂ ಹೇಳಿ ಕಳಿಸಿದ್ದು ಅದನ್ನೇ. ಅವಳ ಜೀವಮಾನದಲ್ಲಿ ಖಾಲಿ ಬಿಟ್ಟ ಉತ್ತರವೇ ಇರಲಿಲ್ಲ.

ಈ ದೇಶದಲ್ಲಿ ಹಾಗಲ್ಲ. ಇಂಥ ಪ್ರತಿ ವರದಿಯಲ್ಲೂ ಕೊನೆಗೆ "ಕಾರಣ ತಿಳಿಯದ ಬಳಕೆ" ಎಂದು ಒಂದು ಸಾಲು ಇರುತ್ತದೆ. ಅದರಡಿ ಏನು ಹಾಕಿದರೂ ಯಾರೂ ಕೇಳುವುದಿಲ್ಲ. ಐಶ್ವರ್ಯಾಳಿಗೂ ಅದು ಗೊತ್ತಿತ್ತು. ಅವಳು ಆ ಸಾಲನ್ನು ಬರೆದಳು, ನೋಡಿದಳು, ಅಳಿಸಿದಳು. ತಿಳಿಯದ ಎಂಬ ಪದ ಅವಳಿಗೆ ಸರ್ ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟ ಹಾಗೆ ಕಂಡಿತು. ಯಾರಾದರೂ ಇಣುಕಿದರೆ? ಬಾಗಿಲು ಸರಿಯಾಗಿ ಮುಚ್ಚಬೇಕು. ಎರಡು ದಿನ ಕೂತು ಬರೆದಳು: ಮಣ್ಣು ಪರೀಕ್ಷೆಯ ಲ್ಯಾಬಿನ ಹಳೆಯ ಸರ್ವರ್ ಒಂದು ಸ್ಟೋರ್ ರೂಮಿನಲ್ಲಿ ಉಳಿದುಹೋಗಿದೆ, ಸೋಮವಾರದಿಂದ ಬುಧವಾರದವರೆಗೆ ಸಂಜೆ ತಾನಾಗಿ ಬ್ಯಾಕಪ್ ತೆಗೆದುಕೊಳ್ಳುತ್ತದೆ, ಅದರ ಬಿಸಿಗೆ ಒಳಗಿನ ಫ್ಯಾನ್ ಓಡುತ್ತದೆ. ಬೆಳಗಿನ ಚೂಪು ಮೊಳೆಗೂ ಒಂದು ಕಾರಣ ಕೊಟ್ಟಳು. ಅಂಕಿಗಳನ್ನು ಕೂಡಿ ತೋರಿಸಿದಳು. ಪುಟ ಓದಿದರೆ ಯಾರಿಗಾದರೂ ಸರ್ವರಿನ ಗುಂಯ್ ಸದ್ದು ಕೇಳಿಸಬೇಕು, ಹಾಗಿತ್ತು.

ಆಲ್ರಾಯ್ ಅದನ್ನು ಓದಿ, ಕುರ್ಚಿ ಹಿಂದಕ್ಕೆ ವಾಲಿಸಿದ.

"ಸರ್ವರ್‌ಗೂ ವೀಕೆಂಡ್ ಉಂಟಾ ಮಾರಾಯ್ತಿ?"

"ಸೆಟ್ಟಿಂಗ್ ಹಂಗ ಐತಿ."

"ನೀನು ನೋಡಿದ್ದಾ ಸರ್ವರ್?"

"ನೋಡೇನಿ."

ಅವನು ಅವಳ ಮುಖವನ್ನೇ ನೋಡಿದ. ಅವಳು ಕೀಬೋರ್ಡು ನೋಡಿದಳು. "ಆಯ್ತು" ಎಂದ ಆಲ್ರಾಯ್. ಮತ್ತೆ ಆ ಮಾತು ಎತ್ತಲಿಲ್ಲ. ಬಾಯಿ ತೆರೆದರೆ ತಮಾಷೆಯೇ ಆದರೂ, ಎಲ್ಲಿ ಮುಚ್ಚಬೇಕು ಎಂಬುದು ಆ ಹುಡುಗನಿಗೆ ಗೊತ್ತಿತ್ತು.

ಸರ್‌ಗೂ ಓದಿಸಿದಳು. ಅವರು ಕನ್ನಡಕ ಮೇಲೇರಿಸಿ, ಎರಡು ಸಲ ಓದಿ, "ಛಲೋ ಬರದೀ" ಎಂದರು. ಪೆನ್ನು ತೆಗೆದು, ರೂಢಿಯ ಬಲದಿಂದ, ಒಂದು ಕಡೆ ಬಿಟ್ಟುಹೋಗಿದ್ದ ಅಲ್ಪವಿರಾಮವನ್ನೂ ಹಾಕಿಕೊಟ್ಟರು.

ಸೆಪ್ಟೆಂಬರಿನಲ್ಲಿ ವರದಿ ಮಂಡನೆ. ವಿಭಾಗದ ಹೆಡ್ ಮೇಡಂ, ಬಿಲ್ಡಿಂಗ್ ಮ್ಯಾನೇಜರ್ ಗ್ಲೆನ್, ಕ್ಯಾಂಪಸ್ ಪತ್ರಿಕೆಗೆ ಫೋಟೋ ತೆಗೆಯಲು ಬಂದ ಹುಡುಗಿ, ಹತ್ತು ಹನ್ನೆರಡು ವಿದ್ಯಾರ್ಥಿಗಳು. ಶೇಖರಪ್ಪ ಸರ್ ಟೈ ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಗ್ಲೆನ್ ಚಳಿಯಲ್ಲೂ ಚಡ್ಡಿ ಹಾಕುವ ಆಸಾಮಿ, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಕಿಟಕಿಗೆ ಎರಡು ಪದರದ ಗಾಜು, ಮಾಡಿಗೆ ಸೋಲಾರ್ ಎಂದಾಗಲೆಲ್ಲ ಅವನು ಆಕಳಿಸುತ್ತಿದ್ದ. ಅದಕ್ಕೆಲ್ಲ ದುಡ್ಡು ಬರಬೇಕು, ಮೀಟಿಂಗ್ ಆಗಬೇಕು. ಸರ್ವರಿನ ಪುಟ ಪರದೆಗೆ ಬಂದದ್ದೇ ನೆಟ್ಟಗಾದ.

"ನಿಲ್ಲಿ, ನಿಲ್ಲಿ. ಇದಕ್ಕೆ ಖರ್ಚೆಷ್ಟು?"

"ಖರ್ಚು..." ಐಶ್ವರ್ಯಾ ಪರದೆಯತ್ತ ತಿರುಗಿದಳು. "ಖರ್ಚೇನಿಲ್ಲ."

"ಪ್ಲಗ್ ಕಿತ್ತರೆ ಸಾಕು!" ಗ್ಲೆನ್ ತೊಡೆ ತಟ್ಟಿದ. "ವರ್ಷಗಟ್ಟಲೆ ಕನ್ಸಲ್ಟೆಂಟುಗಳು ಬಂದು ಹೋದರು, ಒಬ್ಬನಿಗೂ ಇದು ಸಿಗಲಿಲ್ಲ. ಬ್ಲಡಿ ಸರ್ವರ್! ಈ ಹುಡುಗಿ ಕಂಡುಹಿಡಿದಳು."

ಎಲ್ಲರೂ ಚಪ್ಪಾಳೆ ತಟ್ಟಿದರು. ಶೇಖರಪ್ಪ ಸರ್ ಕೂಡ ತಟ್ಟಿದರು.

"ಅದರಲ್ಲಿ ಹಳೆಯ ರಿಸರ್ಚ್ ಡೇಟಾ ಇರಬಹುದು" ಎಂದಳು ಐಶ್ವರ್ಯಾ. "ಐಟಿಯವರನ್ನು ಕೇಳಿ, ನೋಟಿಸ್ ಕೊಟ್ಟು..."

"ಕೇಳೋಣ. ಮೊದಲು ನೋಡೋಣ. ಎಲ್ಲಿದೆ ಅದು, ಮೇಲೇ ತಾನೇ?" ಗ್ಲೆನ್ ಎದ್ದೇ ಬಿಟ್ಟ. "ಇನ್ನೊಂದು ರಾತ್ರಿಯ ಕರೆಂಟು ಯಾಕೆ ದಂಡ? ಬನ್ನಿ, ಮೊದಲ ಉಳಿತಾಯ ಈಗಲೇ, ಫೋಟೋ ಸಮೇತ!"

ಫೋಟೋ ಹುಡುಗಿಗೆ ಬಹಳ ಖುಷಿಯಾಯಿತು. ಹೆಡ್ ಮೇಡಂ ನಗುತ್ತ ಎದ್ದರು. ಆಲ್ರಾಯ್ ಅಡ್ಡ ಬಂದು, "ಕ್ವೆಶ್ಚನ್ಸ್ ಟೈಮ್ ಇನ್ನೂ ಉಂಟಲ್ಲ, ಒಂದು ನಿಮಿಷ..." ಎಂದು ಏನೇನೋ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಮದುವೆ ದಿಬ್ಬಣದ ಹಾಗೆ ಎಲ್ಲರೂ ಮಾತಾಡುತ್ತ ಮೆಟ್ಟಿಲು ಹತ್ತಿದರು. ಐಶ್ವರ್ಯಾಳೂ ಹತ್ತಿದಳು. ಸರ್ ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ತಿರುವಿನಲ್ಲಿ ಅವಳು ನಿಂತು, "ಸರ್" ಎಂದಳು. ಅವರು ಅವಳನ್ನು ದಾಟಿ ಮುಂದೆ ಹೋದರು.

ಬಾಗಿಲ ಹತ್ತಿರ ಗ್ಲೆನ್ ಗೊಂಚಲಿನಲ್ಲಿ ಸರಿಯಾದ ಬೀಗದ ಕೈ ಹುಡುಕುತ್ತಿದ್ದ. ಒಂದು ಹಾಕಿದ, ಆಗಲಿಲ್ಲ. ಇನ್ನೊಂದು ಹಾಕಿದ.

"ಅದಲ್ಲ" ಎಂದರು ಶೇಖರಪ್ಪ ಸರ್. ಜೇಬಿನಿಂದ ತಮ್ಮ ಬೀಗದ ಕೈ ತೆಗೆದು, ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತರು. ಮನೆಗೆ ಬಂದವರನ್ನು ಒಳಗೆ ಕರೆಯುವಾಗ ನಿಲ್ಲುತ್ತಾರಲ್ಲ, ಹಾಗೆ.

ಅಂಗಿಗಳು ಒಣಗುತ್ತಿದ್ದವು. ಕುಕ್ಕರಿನ ಮುಚ್ಚಳದ ಮೇಲೆ ತೊಳೆದ ಚಮಚ ಬೋರಲು ಹಾಕಿತ್ತು. ಯಾರೋ ಹಿಂದಿನಿಂದ, "ಸರ್ವರ್ ಎಲ್ಲಿ?" ಎಂದು ಕೇಳಿದರು. ಫೋಟೋ ಹುಡುಗಿ ಕ್ಯಾಮೆರಾವನ್ನು ಮುಖದ ತನಕ ಒಯ್ದು, ಇಳಿಸಿದಳು. ಹೆಡ್ ಮೇಡಂ ಕಿಟಕಿಯಂಚಿನ ವಿಭೂತಿಗಟ್ಟಿಯನ್ನು ಏನೋ ರಾಸಾಯನಿಕವನ್ನು ನೋಡಿದ ಹಾಗೆ ನೋಡುತ್ತಿದ್ದರು.

ಗ್ಲೆನ್ ಕೆಟ್ಟವನಲ್ಲ. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವನಿಗೇ. "ಸಾರಿ, ಮೇಟ್" ಎಂದು ಮೆಲ್ಲಗೆ ಹೇಳಿ, ತಾನೇ ಬಾಗಿಲು ಎಳೆದುಕೊಂಡ. ಅಷ್ಟು ಮೆತ್ತಗೆ ಬಾಗಿಲು ಹಾಕುವುದು ಅವನಿಗೆ ಬರುತ್ತದೆಂದು ಇ-ಬ್ಲಾಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗದರುವುದು, ಕೂಗುವುದು ಏನೂ ಆಗಲಿಲ್ಲ. ಹಾಗೆಲ್ಲ ಇಲ್ಲಿ ಆಗುವುದಿಲ್ಲ. ಬೆಂಕಿ ಸುರಕ್ಷತೆಯ ದೃಷ್ಟಿಯಿಂದ ಕೋಣೆ ಖಾಲಿ ಮಾಡಬೇಕೆಂದು ಬಹಳ ಸೌಜನ್ಯದ ಒಂದು ಮೇಲ್ ಬಂತಂತೆ. ಮನಸ್ಸಿಗೆ ಕಷ್ಟವಿದ್ದರೆ ಮಾತಾಡಲು ಕೌನ್ಸೆಲರ್ ಫೋನ್ ನಂಬರೂ ಅದರಲ್ಲಿತ್ತಂತೆ. ಸೆಮಿಸ್ಟರಿನ ಉಳಿದ ವಾರಗಳಲ್ಲಿ ಸರ್ ಎಲ್ಲಿದ್ದರೋ, ಸೂಟ್‌ಕೇಸ್ ಹಿಡಿದುಕೊಂಡೇ ಕ್ಲಾಸಿಗೆ ಬರುತ್ತಿದ್ದರು. ಪರ್ಮನೆಂಟ್ ಪೋಸ್ಟಿನ ಸಂದರ್ಶನಕ್ಕೆ ಯಾರ್ಯಾರನ್ನು ಕರೆದಿದ್ದಾರೆಂದು ಅಕ್ಟೋಬರಿನಲ್ಲೇ ಗೊತ್ತಾಯಿತು. ಅವರನ್ನು ಕರೆದಿರಲಿಲ್ಲ. ಮುಂದಿನ ಸೆಮಿಸ್ಟರಿಗೂ ಕರೆ ಬರಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ. ಬನ್ನಿ ಎನ್ನುವುದನ್ನು ನಿಲ್ಲಿಸಿದರು, ಅಷ್ಟೇ.

ಐಶ್ವರ್ಯಾ ಎರಡು ಸಲ ಅವರ ಕ್ಲಾಸಿನ ಹೊರಗೆ ಕಾದಳು. ಎರಡು ಸಲವೂ ಅವರು ಇನ್ನೊಂದು ಬಾಗಿಲಿನಿಂದ ಹೋದರು.

"ನೀನು ಗೊತ್ತಿಲ್ಲ ಅಂತ ಬರೀಬಹುದಿತ್ತಲ್ಲ" ಎಂದ ಆಲ್ರಾಯ್ ಒಂದು ದಿನ, ಕ್ಯಾಂಟೀನಿನಲ್ಲಿ, ಚಿಪ್ಸಿನ ಪೊಟ್ಟಣ ಅವಳ ಕಡೆ ತಳ್ಳುತ್ತ. ತಮಾಷೆಯಿರಲಿಲ್ಲ. "ನನಗೆ ಆ ಗ್ರಾಫ್ ನೋಡಿ ಯಾವಾಗ್ಲೋ ಡೌಟ್ ಬಂದಿತ್ತು. ನಾನು ಕೇಳ್ತಿರ್ಲಿಲ್ಲ. ಯಾರೂ ಕೇಳ್ತಿರ್ಲಿಲ್ಲ."

ಅವಳು ಒಂದು ಚಿಪ್ ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡು ಕೂತಳು.

ವರದಿ ಮಾತ್ರ ಗೆದ್ದಿತು. ಸರ್ವರಿನ ಪುಟವನ್ನು ತೆಗೆದು, "ಬಳಕೆದಾರರ ವರ್ತನೆಯಲ್ಲಿ ಬದಲಾವಣೆ" ಎಂಬ ಹೊಸ ಪುಟ ಸೇರಿಸಿ ಎಂದು ಹೆಡ್ ಮೇಡಂ ತಿದ್ದಿಕೊಟ್ಟರು. ನವೆಂಬರಿನಲ್ಲಿ ಸಿಡ್ನಿಯಲ್ಲಿ ವಿದ್ಯಾರ್ಥಿಗಳ ಸ್ಪರ್ಧೆ, ಬೇರೆ ಬೇರೆ ಊರುಗಳ ತಂಡಗಳು. ಆಲ್ರಾಯ್ ತನಗೆ ಮನೆಯಲ್ಲಿ ಕೆಲಸವಿದೆ ಎಂದು ತಪ್ಪಿಸಿಕೊಂಡ. ಐಶ್ವರ್ಯಾ ಒಬ್ಬಳೇ ವೇದಿಕೆ ಹತ್ತಿ, ಬಿಸಿಯ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿ, ಕೊನೆಗೆ ಎರಡು ಗ್ರಾಫು ಅಕ್ಕಪಕ್ಕ ಇಟ್ಟಳು. ಮೊದಲಿನದರಲ್ಲಿ ಸಂಜೆಯ ನಂತರ ಗುಡ್ಡವಿತ್ತು. ಎರಡನೆಯದರಲ್ಲಿ ಗೆರೆ ನೆಲ ಹಿಡಿದು ಸಪಾಟಾಗಿ ಮಲಗಿತ್ತು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಎರಡನೇ ಬಹುಮಾನ.

ಸಿಡ್ನಿಗೆ ಬರುತ್ತಿದ್ದೇನೆ ಎಂದು ಅವಳು ಸರ್‌ಗೆ ಮೆಸೇಜ್ ಕಳಿಸಿದ್ದಳು. ಉತ್ತರ ಬಂದಿರಲಿಲ್ಲ. ಸ್ಪರ್ಧೆಯ ಸಂಜೆ ಫೋನು ಬಂತು. ಹೆಂಗಸಿನ ದನಿ.

"ನೀ ಐಶ್ವರ್ಯಾ ಅಲ್ಲೇನು? ನಾ ವಸಂತಾ ಮಾತಾಡೂದು, ನಿಮ್ಮ ಶೇಖರಪ್ಪ ಸರ್ ಮನಿಯಾಕಿ. ಇವರ ಮೊಬೈಲ್‌ನಾಗ ನಿನ್ನ ಮೆಸೇಜ್ ನೋಡಿದ್ನಿ. ಹುಬ್ಬಳ್ಳಿ ಹುಡುಗಿ ಸಿಡ್ನಿ ತನಕ ಬಂದು ಬ್ರೆಡ್ ತಿಂದು ಹೋಗ್ತಿಯೇನು? ಅಡ್ರೆಸ್ ಬರ್ಕೊ."

ವೆಸ್ಟ್ ರೈಡ್ ಸ್ಟೇಷನ್ನಿನ ಹತ್ತಿರದ ಇಟ್ಟಿಗೆ ಬಣ್ಣದ ಫ್ಲ್ಯಾಟು. ಬಾಗಿಲು ತೆರೆದದ್ದು ಸರ್ ಮಗಳು ರುದ್ರಾಣಿ, ಶಾಲೆಯ ಯೂನಿಫಾರಮ್ಮಿನಲ್ಲೇ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಸರ್ ಸೋಫಾದ ಮೇಲೆ ಕೂತು ಪೇಪರಿನ ಜಾಬ್ಸ್ ಪುಟ ನೋಡುತ್ತಿದ್ದವರು ಎದ್ದು ನಿಂತರು.

"ಹೌ ವಾಸ್ ಯುವರ್ ಪ್ರೆಸೆಂಟೇಶನ್?" ಎಂದರು.

"ಛಲೋ ಆತ್ರಿ ಸರ್. ಸೆಕೆಂಡ್ ಬಂತ್ರಿ."

"ವೆರಿ ಗುಡ್."

ಅಡುಗೆಮನೆಯ ಲಿನೋಲಿಯಂ ನೆಲದ ಮೇಲೆ ಸಾಲಾಗಿ ಕೂತು ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ. ಟೇಬಲ್ಲಿನ ಮೇಲೆ ಉಂಡರೆ ಉಂಡ ಹಾಗೇ ಆಗುವುದಿಲ್ಲ ಎಂದು ವಸಂತಾ ಹೇಳಿದರು. ಕೆಲಸದಿಂದ ಬಂದು ಇಷ್ಟೆಲ್ಲ ಮಾಡಿದ್ದರು. ಕೈಯೂ ಓಡುತ್ತಿತ್ತು, ಬಾಯಿಯೂ ಓಡುತ್ತಿತ್ತು.

"ಯೂನಿವರ್ಸಿಟ್ಯಾಗ ಫಂಡೇ ಇಲ್ಲಂತಲ್ಲ, ಎಲ್ಲಾರ್ದೂ ಕಾಂಟ್ರ್ಯಾಕ್ಟ್ ನಿಲ್ಲಿಸ್ಯಾರಂತ ಹೇಳಿದ್ರು ಇವರು. ಹೋಗ್ಲಿ ಬಿಡು, ಮನಿಗೆ ಬಂದ್ರಲ್ಲ. ಅಲ್ಲವಾ, ನೀ ಆ ಮುದುಕಿನ್ನ ನೋಡಿಯೇನು?"

"ಯಾರನ್ರಿ?"

"ಅದ ಮಿಸೆಸ್ ಪಾರ್ಕರ್. ಎಂಥಾ ಜಿಪುಣಿ ಅಂತೀನಿ. ಹೀಟರ್ ಹಚ್ಚಾಕ ಬಿಡ್ತಿರಲಿಲ್ಲಂತ. ಒಂದು ಚಳಿಗಾಲ ಪೂರ್ತಿ ಇವರಿಗೆ ಕೆಮ್ಮು. ನಾ ಒಂದ್ ಸಲ ಬಂದು ಆಕಿ ಮಾರಿ ನೋಡಿ ನಾಕು ಮಾತು ಅಂದು ಬರ್ತೀನಿ ಅಂದ್ರ ಇವರು ಬಿಡಲಿಲ್ಲ."

ಸರ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿರಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದರು.

ಐಶ್ವರ್ಯಾ ನೀರು ಕುಡಿದಳು. "ನೋಡೇನ್ರಿ ಆಂಟಿ" ಎಂದಳು. "ಕುಳ್ಳಗ ಅದಾರ್ರಿ. ಕೆಟ್ಟೋರಲ್ಲ. ಸರ್ ಹೋದ ಮ್ಯಾಲೆ ಆ ಬೆಕ್ಕು ಇವರ ರೂಮಿನ ಬಾಗಲದಾಗ ಬಂದು ಕೂಡ್ತೈತಂತ."

"ನೋಡ್ರಿ!" ವಸಂತಾ ಗಂಡನ ಕಡೆ ತಿರುಗಿದರು. "ಬೆಕ್ಕಿಗರ ನೆನಪೈತಿ." ಆಮೇಲೆ ಐಶ್ವರ್ಯಾಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಸರ್ ಊಟ ಮುಗಿಸಿ ಎದ್ದರು. ಕೈ ತೊಳೆದು, "ಎಕ್ಸ್‌ಕ್ಯೂಸ್ ಮಿ" ಎಂದು ಐಶ್ವರ್ಯಾಳಿಗೆ ಹೇಳಿ, ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು.

ರುದ್ರಾಣಿ ಅಷ್ಟರಲ್ಲಿ ಐಶ್ವರ್ಯಾಳ ಬ್ಯಾಗಿನಿಂದ ಬಿಸಿಯ ಕ್ಯಾಮೆರಾ ತೆಗೆಸಿಕೊಂಡಿದ್ದಳು. ಒಲೆ ನೋಡಿದಳು, ಫ್ರಿಜ್ಜು ನೋಡಿದಳು, ಅಮ್ಮನ ಮುಖ ನೋಡಿ ನಕ್ಕಳು. ಆಮೇಲೆ ನೆಲಕ್ಕೆ ತಿರುಗಿಸಿದಳು.

"ಓ ಮೈ ಗಾಡ್. ಲುಕ್! ಅಪ್ಪ ಈಸ್ ಸ್ಟಿಲ್ ದೇರ್!"

ಐಶ್ವರ್ಯಾ ಬಗ್ಗಿ ನೋಡಿದಳು. ಪರದೆಯಲ್ಲಿ, ಗೋಡೆಯ ಬದಿಗೆ, ಚಕ್ಕಳಮಕ್ಕಳ ಹಾಕಿ ಕೂತ ಎರಡು ತೊಡೆ, ಊರಿದ ಎಡಗೈ, ಕಿತ್ತಳೆ ಬಣ್ಣದಲ್ಲಿ ಬೆಳಗುತ್ತಿದ್ದವು.

"ಏನ ಅದು, ಸರೀರಿ ಅತ್ಲಾಗ" ಎಂದು ವಸಂತಾ ತಟ್ಟೆಗಳನ್ನೆತ್ತಿ ಸಿಂಕಿಗೆ ಹಾಕಿದರು. ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಊಟ ಮಾಡಿದ ಜಾಗವನ್ನು ಆ ತುದಿಯಿಂದ ಒರೆಸುತ್ತ ಬಂದರು. ಪರದೆಯಲ್ಲಿ ಅವರ ಕೈ ಹೋದಲ್ಲೆಲ್ಲ ಅಗಲವಾದ ಕಡುನೀಲಿ ಪಟ್ಟೆ ಬೀಳುತ್ತಿತ್ತು. ಮೊದಲು ಊರಿದ ಕೈ ಹೋಯಿತು. ಆಮೇಲೆ ಒಂದು ತೊಡೆ. ಮೂಲೆಯಲ್ಲಿ ಪಲ್ಯದ ಒಂದು ಕಾಳು ಅಂಟಿಕೊಂಡಿತ್ತೋ ಏನೋ, ವಸಂತಾ ಅಲ್ಲಿ ಇನ್ನೊಂದು ಸಲ ಒತ್ತಿ ಒರೆಸಿದರು.